ಶಾಂತಕ್ಕನ ಹೂರಣಕ್ಕೆ ನಾನು ಸುರಿದ ಉಪ್ಪು

ಶಾಂತಕ್ಕನ ಹೂರಣಕ್ಕೆ ಎರಡು ಹಿಡಿ ಉಪ್ಪು ಸುರಿದವಳು ನಾನು. ಕೈ ತಪ್ಪಿ ಅಲ್ಲ — ಬೇಕೆಂದೇ. ಹನ್ನೊಂದು ವರ್ಷ ಈ ಮಾತು ಬಾಯಿಗೆ ಬರದಂತೆ ನೋಡಿಕೊಂಡೆ.

ಶಾಂತಕ್ಕ ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಹದಿನೆಂಟು ವರ್ಷ ದೊಡ್ಡವಳು. ಚನ್ನಗಿರಿಯ ನಮ್ಮ ಮನೆಯಲ್ಲಿ ಹಬ್ಬದ ಹೋಳಿಗೆ ಎಂದರೆ ಅವಳದೇ ಕೈ. ನಾನು ಜಗಳೂರಿನಿಂದ ಸೊಸೆಯಾಗಿ ಬಂದ ಮೊದಲ ಯುಗಾದಿ. ನನ್ನವ್ವ ಶೇಂಗಾ ಹುರಿದು, ಸಿಪ್ಪೆ ತೆಗೆದು, ಎರಡು ಬಸ್ಸು ಬದಲಿಸಿ ತಂದಿದ್ದಳು. ಅದರಲ್ಲೇ ಹೋಳಿಗೆ ಮಾಡಿದೆ. ಶಾಂತಕ್ಕ ಒಂದನ್ನು ಮುರಿದು ನೋಡಿ, ಉಣ್ಣಲು ಕೂತವರಿಗೆಲ್ಲ ಕೇಳುವಂತೆ ಅಂದಳು:

"ಇದನ್ನ ಎಮ್ಮೆಗೆ ಹಾಕ್ರಿ. ಜಗಳೂರು ಕಡೆಯೋರಿಗೆ ಹಬ್ಬದಡಿಗೆ ಮಾಡಾಕೆ ಎಲ್ಲಿ ಬರ್ತೈತೆ."

ಅವ್ವ ಅಲ್ಲೇ ಕೂತಿದ್ದಳು. ತಲೆ ಎತ್ತಲಿಲ್ಲ. ಎಲೆ ಮಡಚಿ ಎದ್ದವಳು ಮತ್ತೆಂದೂ ನಮ್ಮ ಮನೆಯಲ್ಲಿ ಉಣ್ಣಲಿಲ್ಲ.

ನಾನು ಕಾದೆ. ಅಕ್ಕಾ ಅಕ್ಕಾ ಎನ್ನುತ್ತ ಅವಳಿಗೆ ಬೇಳೆ ಬೇಯಿಸಿಕೊಟ್ಟೆ, ಕಣಕ ನಾದಿಕೊಟ್ಟೆ. ಒಳಗೆ ಮಾತ್ರ — ಅವಳೂ ಒಮ್ಮೆ ಹಾಗೇ ತಲೆ ತಗ್ಗಿಸಿ ಕೂರುವುದನ್ನು ನೋಡಬೇಕಿತ್ತು.

ಮೂರನೆಯ ವರ್ಷ ಅವಳ ಮಗಳು ರೇಖಾಳ ಮದುವೆಯಾಯಿತು. ಯುಗಾದಿಗೆ ಹೊನ್ನಾಳಿಯಿಂದ ಹೊಸ ಬೀಗರು ಬಂದರು. ಅವರನ್ನು ಎದುರುಗೊಳ್ಳಲು ಶಾಂತಕ್ಕ ಬಾಗಿಲಿಗೆ ಹೋದಳು. ರುಬ್ಬಿದ ಹೂರಣ ನನ್ನ ಮುಂದಿತ್ತು. ದೇವರಿಗೆ ಎಡೆ ಇಡುವ ಮುಂಚೆ ಯಾರೂ ರುಚಿ ನೋಡುವುದಿಲ್ಲ — ಅದೂ ಗೊತ್ತಿತ್ತು. ಉಪ್ಪು ಸುರಿದು, ಕಾಣದಂತೆ ನಾದಿಬಿಟ್ಟೆ.

ಬೀಗಿತ್ತಿ ಮೊದಲ ತುತ್ತನ್ನೇ ಕೈಗೆ ಉಗುಳಿಕೊಂಡಳು. ನಮ್ಮತ್ತೆ ಎಲ್ಲರ ಮುಂದೆ, "ಇನ್ಮೇಲೆ ನೀನು ಒಲೆ ಹತ್ರ ಬರಬ್ಯಾಡ ಶಾಂತಾ" ಅಂದರು. ಶಾಂತಕ್ಕ ತಲೆ ತಗ್ಗಿಸಿದಳು. ನನಗೆ ಸಂಕಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಖುಷಿಯಾಯಿತು. ಆ ದಿನ ಹೊಟ್ಟೆ ತುಂಬ ಉಂಡೆ.

ಒಲೆ ನನ್ನದಾಯಿತು. ಶಾಂತಕ್ಕ ಯಾರನ್ನೂ ಬೈಯಲಿಲ್ಲ, ಯಾರನ್ನೂ ಅನುಮಾನಿಸಲಿಲ್ಲ. ತನ್ನನ್ನೇ ಅನುಮಾನಿಸಿಕೊಂಡಳು. ಎಮ್ಮೆಗೆ ಮೇವು ಹಾಕಿದರೂ, ಬಾಗಿಲಿಗೆ ಬೀಗ ಹಾಕಿದರೂ ಎರಡೆರಡು ಸಲ ಕೇಳುವಳು — "ನಾನು ಹಾಕಿದ್ನೇನೇ?" ನಾನು ಹೂಂ ಅಂದು ಕೆಲಸಕ್ಕೆ ತಿರುಗುತ್ತಿದ್ದೆ.

ಮೊನ್ನೆ ಅವಳ ಹೊಸ ಸೊಸೆ, "ಈ ಸಲ ಹೋಳಿಗೆ ನೀವೇ ಕಲಿಸ್ರಿ ಅತ್ತೆ" ಅಂದಳು. ಶಾಂತಕ್ಕ ಕೈ ಹಿಂದಕ್ಕೆಳೆದುಕೊಂಡು, "ನನ್ನ ನೆನಪು ನಂಬಬ್ಯಾಡವ್ವ" ಅಂದಳು.

ಅಲ್ಲಿಯೇ, ಆ ಹುಡುಗಿಯ ಎದುರೇ ಹೇಳಿಬಿಟ್ಟೆ. "ಅಕ್ಕ, ಅವತ್ತು ಉಪ್ಪು ಹಾಕಿದ್ದು ನಾನು."

ಶಾಂತಕ್ಕ ನನ್ನತ್ತ ತಿರುಗಿದಳು. ಕೇಳಿದಳು — "ನನ್ ಮ್ಯಾಲೆ ಸಿಟ್ಟಿತ್ತು, ಸರಿ. ರೇಖಾ ನಿನಗೇನ್ ಮಾಡಿದ್ಲು? ಹೊನ್ನಾಳಿಯಾಗೆ ಇವತ್ತಿಗೂ ಅವಳನ್ನ ಉಪ್ಪಿನ ಹೋಳಿಗೆ ಮನೆಯೋಳು ಅಂತಾರೆ."

ಅವ್ವನ ತಗ್ಗಿದ ತಲೆ ನೆನೆದರೆ ಶಾಂತಕ್ಕನ ಮೇಲಿನ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ, ನಿಜ. ಆದರೆ ರೇಖಾ — ಅವಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಾಳೆ ಬೆಳಿಗ್ಗೆ ಹೊನ್ನಾಳಿಗೆ ಹೋಗುತ್ತೇನೆ. ಅವಳ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳುತ್ತೇನೆ. ಒಳಗೆ ಕರೆಯದಿದ್ದರೆ, ಬೀದಿಯವರಿಗೂ ಕೇಳುವಂತೆ ಹೊರಗೇ ನಿಂತು ಹೇಳುತ್ತೇನೆ.