ಹಾಲಿನ ಕ್ಯಾನಿನೊಳಗಿನ ರಿಂಗು

ದೆವ್ವ, ಶಕುನ, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎನ್ನುವಂಥ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ನಂಬದೆ ಸುಮ್ಮನಿರುವ ಜಾಯಮಾನವೂ ನನ್ನದಲ್ಲ. ಹೇಳಿದವರ ಬಾಯಿ ಮುಚ್ಚಿಸುವ ತನಕ ಬಿಡುತ್ತಿರಲಿಲ್ಲ. ಈಗ ಇದನ್ನು ಬರೆಯುತ್ತಿರುವುದು ಯಾರನ್ನೂ ನಂಬಿಸಲಿಕ್ಕಲ್ಲ. ಒಬ್ಬಳೇ ಹೊತ್ತು ಸಾಕಾಗಿದೆ, ಅಷ್ಟೆ.

ಮಾಲೂರು ಕಡೆಯ ಕೆಲವು ಇಟ್ಟಿಗೆ ಗೂಡುಗಳಲ್ಲಿ ಮಾಲೀಕರು ಹೊರಗೆ ಕಾಲಿಡಲು ಬಿಡದೆ ದುಡಿಸಿಕೊಳ್ಳುವ ಕುಟುಂಬಗಳಿರುತ್ತವೆ. ಅವರನ್ನು ಬಿಡಿಸಿ, ಅಧಿಕಾರಿಗಳ ಮುಂದೆ ಹೇಳಿಕೆ ಕೊಡಿಸುವುದು ನಮ್ಮ ಕೆಲಸ. ಆದರೆ ಅರ್ಧ ಆಯುಷ್ಯ ಹೋಗುವುದು ಹುಷಾರಾಗಿರುವುದರಲ್ಲೇ. ಪಾಸ್‌ವರ್ಡ್ ಬದಲಾಯಿಸು, ಮೆಸೇಜು ಅಳಿಸು, ಲೊಕೇಶನ್ ಆಫ್ ಮಾಡು, ಹಿಂದೆ ಬರುವ ಬೈಕಿನ ನಂಬರು ನೋಡಿಕೋ. ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ, ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿದ್ದವನ ಮುಖ ಮಾತ್ರ ವಾರಗಟ್ಟಲೆ ತಲೆಯಲ್ಲಿರುತ್ತದೆ. ಇದೂ ಒಂದು ಬಾಳೇ ಅನ್ನಿಸಿದ ದಿನಗಳಿಗೆ ಲೆಕ್ಕವಿಲ್ಲ.

ಈ ಹುಷಾರಿನ ಪಾಠ ನನಗೆ ಹೇಳಿಕೊಟ್ಟವಳು ಮುಂತಾಜಕ್ಕ. ಮುಳಬಾಗಿಲಿನಲ್ಲಿ ಬಟ್ಟೆ ಹೊಲಿಯುತ್ತಿದ್ದವಳು, ನನಗಿಂತ ಮೊದಲೇ ಈ ಕೆಲಸಕ್ಕೆ ಬಿದ್ದವಳು. ಗುಟ್ಟಿನ ಮಾತಿಗೆ ಕೂರುವ ಮುಂಚೆ ಎಲ್ಲರ ಫೋನೂ ಆಫ್ ಆಗಿ ಹಾಲಿನ ಕ್ಯಾನಿನೊಳಗೆ ಹೋಗಬೇಕು, ಮುಚ್ಚಳ ಬಿಗಿಯಾಗಬೇಕು, ಕ್ಯಾನು ಬೇರೆ ಕೋಣೆಯಲ್ಲಿರಬೇಕು. ಆಫ್ ಮಾಡದ ಫೋನನ್ನು ಒಳಗಿಟ್ಟು ಕರೆ ಮಾಡಿಯೂ ನೋಡಿದ್ದೆವು, ಒಮ್ಮೆಯೂ ರಿಂಗಾಗಿರಲಿಲ್ಲ. ಮುಚ್ಚಳ ಒತ್ತುತ್ತಾ ಅವಳು, ಮಕ್ಕಳಿಗೆ ಹಾಲು ಕುಡಿಸಿ ಮಲಗಿಸಿದ್ದಾಯಿತು, ಈಗ ಮಾತಾಡೋಣ ಎಂದು ನಗುತ್ತಿದ್ದಳು.

ಮಿಸ್ಡ್ ಕಾಲಿನ ಗುರುತೂ ಅವಳದೇ. ಒಂದು ರಿಂಗಾಗಿ ನಿಂತರೆ ಕ್ಷೇಮವಾಗಿ ತಲುಪಿದೆ ಎಂದು. ಮೂರು ರಿಂಗಾಗಿ ನಿಂತು, ಮತ್ತೆ ಮೂರು ರಿಂಗಾದರೆ, ಇರುವ ಜಾಗ ಬಿಟ್ಟು ಹೊರಡಬೇಕು. "ಅವಾಗ ಯಾಕೆ ಏನು ಅಂತ ಕೇಳ್ಕೊಂಡು ಕೂತ್ಕೋಬೇಡ ಕಣೇ. ಎದ್ದು ಹೋಗ್ತಾ ಇರು. ಬೈಯೋದಿದ್ರೆ ನಾಳೆ ಬೈಯಿ," ಎಂದಿದ್ದಳು. ಇದನ್ನು ಎಲ್ಲೂ ಬರೆದಿಡಲಿಲ್ಲ, ಫೋನಿನಲ್ಲಿ ಆಡಲಿಲ್ಲ. ಗೊತ್ತಿದ್ದದ್ದು ಅವಳಿಗೆ, ನನಗೆ, ನಮ್ಮ ವಕೀಲ ಮಂಜುಗೆ, ಅಷ್ಟೇ ಜನಕ್ಕೆ.

ಅವಳು ಕಾಯಿಲೆ ಬಿದ್ದು ತೀರಿಕೊಂಡಳು. ಅವಳ ಚಿಕ್ಕ ಬಟನ್ ಫೋನನ್ನು ಅವಳ ತಂಗಿ ನನ್ನ ಕೈಗೆ ಕೊಟ್ಟಳು. ಎಷ್ಟೋ ಹೆಂಗಸರ ನಂಬರುಗಳು ಅದರಲ್ಲಿದ್ದವು. ಎಲ್ಲ ಅಳಿಸಿ, ಫೋನು ಒಡೆದು, ಸಿಮ್ಮನ್ನು ಅವಳದೇ ಕತ್ತರಿಯಲ್ಲಿ ತುಂಡು ಮಾಡಿದೆ. ಆಮೇಲೆ ಅವಳ ಹೊಲಿಗೆ ಮಿಷಿನ್ನಿನ ಮುಂದೆ ಕೂತು ಅತ್ತೆ.

ಅದಾಗಿ ವರ್ಷ ಕಳೆದಿತ್ತು. ಈಶ್ವರಮ್ಮ ಎಂಬುವಳು ಎರಡು ಮಕ್ಕಳೊಂದಿಗೆ ಗೂಡಿನಿಂದ ತಪ್ಪಿಸಿಕೊಂಡು ಬಂದಿದ್ದಳು. ಅವಳ ಗಂಡ ಇನ್ನೂ ಅಲ್ಲೇ ಒಳಗಿದ್ದ. ಸೋಮವಾರ ಕೋಲಾರದಲ್ಲಿ ಅವಳು ಹೇಳಿಕೆ ಕೊಟ್ಟರೆ ಅವನಷ್ಟೇ ಅಲ್ಲ, ಒಳಗಿದ್ದವರೆಲ್ಲ ಹೊರಗೆ ಬರುತ್ತಿದ್ದರು. ಅದರೊಳಗೆ ಗೂಡಿನವರ ಕೈಗೆ ಸಿಕ್ಕರೆ ಅವಳೂ ಇಲ್ಲ, ಹೇಳಿಕೆಯೂ ಇಲ್ಲ. ವಕ್ಕಲೇರಿ ಹತ್ತಿರ ಹಸು ಸಾಕಿಕೊಂಡಿದ್ದ ರತ್ನಮ್ಮನ ಮನೆಯಲ್ಲಿ ಅವಳನ್ನು ಇಟ್ಟಿದ್ದೆವು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಹಿಂದಿನ ಕೋಣೆಯಲ್ಲಿ ನಾನು, ಮಂಜು, ಈಶ್ವರಮ್ಮ ಕೂತಿದ್ದೆವು. ಫೋನುಗಳು ಅಡುಗೆಮನೆಯ ಕ್ಯಾನಿನಲ್ಲಿದ್ದವು. ಹಲವು ರಾತ್ರಿಗಳ ನಿದ್ದೆ ಬಾಕಿಯಿದ್ದು ನನಗೆ ಕಣ್ಣೆಳೆಯುತ್ತಿತ್ತು. ಆಗ ರಿಂಗಾಯಿತು. ನಮ್ಮ ಯಾರ ಫೋನಿನ ಸದ್ದೂ ಅದಲ್ಲ. ಹಳೆಯ ಬಟನ್ ಫೋನುಗಳ ಟ್ರಿಣ್ ಟ್ರಿಣ್, ಪಾತ್ರೆಯೊಳಗಿಂದ ಬಂದಂತೆ. ಮೂರು ಸಲ ಆಗಿ ನಿಂತಿತು. ಮತ್ತೆ ಮೂರು ಸಲ.

"ಅಕ್ಕಾ, ಫೋನ್ ಮೋಗ್ತಾ ಉಂದಿ," ಎಂದಳು ಈಶ್ವರಮ್ಮ, ಫೋನು ಹೊಡ್ಕೊಳ್ತಿದೆ ಎಂದು ತೆಲುಗಿನಲ್ಲಿ. ನನ್ನೊಬ್ಬಳ ಭ್ರಮೆಯಲ್ಲ ಎಂದು ಇಂದಿಗೂ ಹೇಳಬಲ್ಲೆನಾದರೆ ಅವಳ ಆ ಮಾತಿನಿಂದ.

ಮಂಜು, ನಿಂದು ಆಫ್ ಮಾಡಿಲ್ವಾ ಅಕ್ಕಾ ಎಂದು ಗದರಿಕೊಳ್ಳುತ್ತಲೇ ಹೋಗಿ ಮುಚ್ಚಳ ತೆಗೆದ. ನಾನೂ ಬಗ್ಗಿ ನೋಡಿದೆ. ಇಟ್ಟ ಫೋನುಗಳೇ ಇದ್ದವು, ಎಲ್ಲವೂ ಆಫ್. ಇಬ್ಬರೂ ಮುಂತಾಜಕ್ಕನ ಹೆಸರೆತ್ತಲಿಲ್ಲ.

ನಿಜ ಹೇಳುತ್ತೇನೆ, ನಾನು ನಂಬಿ ಎದ್ದವಳಲ್ಲ. ಯೋಚಿಸುವಷ್ಟು ತ್ರಾಣವೇ ಇರಲಿಲ್ಲ. ಮೂರು-ಮೂರು ಆದರೆ ಏಳಬೇಕು ಎಂದು ಮೈಗೆ ಅಭ್ಯಾಸವಾಗಿತ್ತು, ಎದ್ದೆ. ರತ್ನಮ್ಮನ ತಮ್ಮ ಹಿಂದಿನ ತೋಟದಲ್ಲಿ ಟೊಮ್ಯಾಟೊ ಕ್ರೇಟುಗಳನ್ನು ಟೆಂಪೋಗೆ ತುಂಬುತ್ತಿದ್ದ. ತಾಯಿ ಮಕ್ಕಳನ್ನು ಕ್ರೇಟುಗಳ ನಡುವೆ ಕೂರಿಸಿ, ಫೋನುಗಳನ್ನು ಕ್ಯಾನಿನಲ್ಲೇ ಬಿಟ್ಟು, ಶ್ರೀನಿವಾಸಪುರ ದಾಟಿ ಗೌನಿಪಲ್ಲಿ ಕಡೆಯ ಮಾವಿನ ತೋಟವೊಂದಕ್ಕೆ ಹೋದೆವು.

ನಾವು ಹೊರಟ ಸ್ವಲ್ಪ ಹೊತ್ತಿಗೇ ರತ್ನಮ್ಮನ ಮನೆ ಮುಂದೆ ಕಾರು ನಿಂತಿತಂತೆ. ಹಸುಗಳ ಇನ್ಶೂರೆನ್ಸಿನವರು ಎಂದು ಹೇಳಿಕೊಂಡು ಬಂದವರು ಕೊಟ್ಟಿಗೆಯತ್ತ ತಿರುಗಿಯೂ ನೋಡದೆ ನೇರ ಹಿಂದಿನ ಕೋಣೆಗೆ ಹೋದರಂತೆ. ಅಲ್ಲಿ ಚಾಪೆ ಹಾಸಿದ್ದು ಹಾಗೇ ಇತ್ತು.

ಸೋಮವಾರ ಈಶ್ವರಮ್ಮ ಹೇಳಿಕೆ ಕೊಟ್ಟಳು. ಗಂಡ ಹೊರಗೆ ಬಂದ, ಒಳಗಿದ್ದವರೂ ಬಂದರು. ನಂಗಲಿ ತನಕ ಹೋಗಿ ಅವರನ್ನು ಆಂಧ್ರದ ಬಸ್ಸು ಹತ್ತಿಸಿದೆ.

ಆಮೇಲೆ ಫೋನುಗಳನ್ನು ಬೆಂಗಳೂರಿನಲ್ಲಿ ಇಂಥದ್ದನ್ನು ಪರೀಕ್ಷೆ ಮಾಡುವವರೊಬ್ಬರ ಮುಂದಿಟ್ಟೆವು. ಆಫ್ ಆದಂತೆ ನಟಿಸುತ್ತಾ ಒಳಗೊಳಗೇ ಕೇಳಿಸಿಕೊಳ್ಳುವ ಹಾಗೆ ಫೋನನ್ನು ಕೆಡಿಸಲು ಸಾಧ್ಯ ಎಂದರು. ನಮ್ಮ ಫೋನುಗಳಲ್ಲಿ ಅಂಥದ್ದೇನೂ ಸಿಗಲಿಲ್ಲ, ಕರೆ ಬಂದ ಸುಳಿವೂ ಸಿಗಲಿಲ್ಲ. ಮುಂತಾಜಕ್ಕನ ನಂಬರಿಗೆ ಕರೆ ಮಾಡಿದರೆ ಈ ನಂಬರು ಅಸ್ತಿತ್ವದಲ್ಲಿಲ್ಲ ಎಂದಿತು. ನಮ್ಮ ಮಾತು ಕದ್ದು ಕೇಳುವವನಿದ್ದರೆ ಅವನು ನಮ್ಮನ್ನು ಯಾಕೆ ಎಚ್ಚರಿಸಬೇಕು? ಆ ಕಾರಿನವರಿಗೆ ಜಾಗ ತಿಳಿದದ್ದಾದರೂ ಹೇಗೆ? ಅದು ಮುಂತಾಜಕ್ಕನೇ ಎಂದುಕೊಂಡ ರಾತ್ರಿ ನನಗೆ ನಿದ್ದೆ ಬರುತ್ತದೆ. ಬದುಕಿರುವ ಮನುಷ್ಯ ಎಂದುಕೊಂಡ ರಾತ್ರಿ ಎದ್ದು ಹೋಗಿ ಬಾಗಿಲ ಚಿಲಕ ಮುಟ್ಟಿ ನೋಡುತ್ತೇನೆ.

ಗುರುತು ಹೊರಗಿನವರಿಗೆ ತಿಳಿದಿದೆ ಎಂಬ ಅನುಮಾನ ಬಂದರೂ ಸಾಕು, ಅವತ್ತೇ ಬದಲಾಯಿಸಬೇಕು ಎಂಬುದು ಅವಳದೇ ನಿಯಮ. ಮಂಜು ಭೇಟಿಯಾದಾಗಲೆಲ್ಲ ಅದನ್ನೇ ಹೇಳುತ್ತಾನೆ, "ಬದಲಾಯಿಸಿಬಿಡೋಣ ಅಕ್ಕಾ, ಇನ್ನೊಬ್ಬರ ಜೀವದ ಪ್ರಶ್ನೆ." ಅವನು ಹೇಳುವುದು ಸರಿ ಎಂದು ನನಗೂ ಗೊತ್ತು. ಮುಂದಿನ ವಾರ ನೋಡೋಣ ಎಂದು ತಳ್ಳುತ್ತಲೇ ಬಂದಿದ್ದೇನೆ. ಬದಲಾಯಿಸಿದರೆ, ಹೊಸದನ್ನು ಅವಳಿಗೆ ಹೇಳುವವರು ಯಾರು?