ಅಕ್ಕನ ಹುರಿ

ನಮ್ಮ ಹಿತ್ತಲಲ್ಲಿ ಹೊಸೆದ ನಾರು ಬೆಂಗಳೂರಿಗೆ ಹೋಗಿ ಕಾರಿನ ಸೀಟಿನ ಮೆತ್ತೆಯಾಗುತ್ತದೆ ಎಂದರೆ ಆಗ ಊರಲ್ಲಿ ಅರ್ಧ ಜನ ನಂಬುತ್ತಿರಲಿಲ್ಲ. ಅರಳಗುಪ್ಪೆಯ ಹತ್ತಿರದ ಊರು ನಮ್ಮದು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿ ಸುಲಿದು, ಕೊಬ್ಬರಿ ತಿಪಟೂರಿಗೆ ಹೋದ ಮೇಲೆ, ಉಳಿದ ನಾರಿನ ಮಟ್ಟೆ ಒಲೆಗೆ ಹೋಗುತ್ತಿತ್ತು. ಸೀಟು ಮಾಡುವ ಕಾರ್ಖಾನೆಯ ಏಜೆಂಟರು ಬಂದು ಮನೆಗೆ ಎರಡರಂತೆ ನಾರು ಹೊಸೆಯುವ ರಾಟೆ ಕೊಟ್ಟ ಮೇಲೆ ಆ ಮಟ್ಟೆಗೂ ಮರ್ಯಾದೆ ಬಂತು. ಒಂದು ರಾಟೆಗೆ ನಾನು ಕೂತೆ, ಇನ್ನೊಂದಕ್ಕೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಅಕ್ಕ ಎನ್ನುತ್ತಿದ್ದೆನೇ ಹೊರತು ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಒದ್ದೆ ನಾರನ್ನು ಬಿಗಿಯಾಗಿ ಹೊಸೆದು ಹುರಿ ಮಾಡಿ ಎಂಟು ದಿನ ನೆರಳಲ್ಲಿ ನೇತುಹಾಕಬೇಕು. ಪೂರ್ತಿ ಒಣಗಿದ ಮೇಲೆ ಬಿಚ್ಚಿದರೆ ನಾರು ಗುಂಗುರು ಕೂದಲಿನ ಹಾಗೆ ಸುರುಳಿಯಾಗಿ ಪುಟಿಯುತ್ತದೆ. ನನ್ನದೂ ಪುಟಿಯುತ್ತಿತ್ತು. ಅವಳದು ಇನ್ನೂ ಹೆಚ್ಚು. ಏಜೆಂಟರು ನನ್ನ ಹುರಿಯನ್ನು ಸುಮ್ಮನೆ ಗಾಡಿಗೆ ಹಾಕುವರು, ಅವಳದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬರುವರು. ಅವಳೋ ಎಡಚಿ, ರಾಟೆಯನ್ನು ಎಲ್ಲರಿಗಿಂತ ಉಲ್ಟಾ ತಿರುಗಿಸುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಎಡಗೈಯಲ್ಲಿ ಬಡಿಸಿದಳೆಂದು ಅತ್ತೆಯಿಂದ ಬೈಸಿಕೊಂಡಿದ್ದಳು. ಈಗ ಅದೇ ಕೈಗೆ ಹೊಗಳಿಕೆ. ನನ್ನ ಬಲಗೈ ಏನು ಪಾಪ ಮಾಡಿತ್ತೋ.

ಅಷ್ಟರಲ್ಲಿ ಪೆಟ್ರೋಲ್ ರೇಟು ಏರಿತು, ಕಾರು ಕೊಳ್ಳುವವರು ಕಮ್ಮಿಯಾದರು. ಏಜೆಂಟರು ನಮ್ಮ ಜಗುಲಿಯ ಮೇಲೆ ಕೂತು ಎಲ್ಲ ವಿವರಿಸಿದರು. ಮಾರಾಟವಾಗದ ಕಾರುಗಳು ಕಾರ್ಖಾನೆಯಲ್ಲಿ ಸಾಲಾಗಿ ನಿಂತಿವೆಯಂತೆ. ಸೀಟಿನವರು ಒಂದು ಪಾಳಿ ನಿಲ್ಲಿಸಿ, ನಾರು ಉಳಿಸಲು ಮೆತ್ತೆಯನ್ನೂ ತೆಳ್ಳಗೆ ಮಾಡಿದ್ದಾರಂತೆ. ತೆಳು ಮೆತ್ತೆಗೆ ಚೆನ್ನಾಗಿ ಪುಟಿಯುವ ನಾರೇ ಬೇಕು. ಹಾಗಾಗಿ ಮುಂದಿನ ತಿಂಗಳಿಂದ ಮನೆಗೆ ಒಂದೇ ರಾಟೆ, ಯಾರ ಹುರಿ ಮೇಲೋ ಅವರಿಗೆ. ಸೋತವಳ ಪಾಡು ಏನೆಂದು ಅವರು ಹೇಳಬೇಕಾಗಿರಲಿಲ್ಲ. ಗೆದ್ದವಳಿಗೆ ಹಿತ್ತಲ ಗಾಳಿ, ಬೇಲಿಯಾಚೆಯವರ ಮಾತುಕತೆ. ಅಲ್ಲಿಯವರೆಗೆ ಸರದಿಯಲ್ಲಿ ಮಾಡುತ್ತಿದ್ದ ಹನ್ನೊಂದು ಜನರ ಅಡುಗೆ, ಹೊಗೆ, ಮುದ್ದೆಯ ತಪ್ಪಲೆ ಎಲ್ಲ ಸೋತವಳ ಪಾಲಿಗೆ.

ಮುಂದಿನ ವಾರ ಅಕ್ಕ ತನ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ತುರುವೇಕೆರೆಗೆ ಹೋದಳು. ಮಧ್ಯಾಹ್ನ ಅತ್ತೆ ಮಲಗಿದ್ದರು. ಅವಳ ಹುರಿಯಲ್ಲಿ ಏನೋ ಗುಟ್ಟಿದೆ, ನೋಡಿಯೇ ಬಿಡೋಣ ಎಂದುಕೊಂಡು ನೇತುಹಾಕಿದ್ದರಲ್ಲಿ ಒಂದನ್ನು ಇಳಿಸಿ ಬಿಚ್ಚಿದೆ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ, ಅದೇ ನಾರು. ಒಳಗೆ ಇನ್ನೂ ಹಸಿ ಇತ್ತು, ಹಸಿಯಲ್ಲಿ ಬಿಚ್ಚಿದರೆ ಸುರುಳಿ ನಿಲ್ಲುವುದಿಲ್ಲ. ಗಾಬರಿಯಲ್ಲಿ ನನ್ನ ರಾಟೆಗೆ ಸಿಕ್ಕಿಸಿ ಮತ್ತೆ ಹೊಸೆದೆ. ತಿರುಗಿ ನೇತುಹಾಕಿದಾಗ ಕಂಡಿತು, ಅವಳ ಹುರಿಗಳ ತಿರುಪೆಲ್ಲ ಒಂದು ಕಡೆಗೆ, ನಾನು ಹೊಸೆದದ್ದರ ತಿರುಪು ಇನ್ನೊಂದು ಕಡೆಗೆ. ತೆಗೆದು ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎನ್ನುವುದು ಆಗಲೂ ನನಗೆ ಗೊತ್ತಿತ್ತು.

ಏಜೆಂಟರು ಬಂದ ದಿನ ಸಾಲಿನಲ್ಲಿ ಬೇರೆ ಥರ ಕಂಡ ಆ ಒಂದನ್ನೇ ಎಳೆದು ಬಿಚ್ಚಿದರು. ನಾರು ಸತ್ತ ಹುಳುವಿನಂತೆ ಬಿದ್ದುಕೊಂಡಿತು. ಅಕ್ಕ ಅದರ ತಿರುಪನ್ನು ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಈಗ ಬಾಯಿ ಬಿಡುತ್ತಾಳೆ, ಮಾನ ಹೋಯಿತು ಎಂದುಕೊಂಡೆ.

"ಹಸಿ ಇದ್ದಂಗೇ ನಾನೇ ಮುಟ್ಟಿರಬೇಕು, ಬುಡಿ. ರಾಟೆ ಅವಳಿಗೇ ಕೊಡಿ" ಅಂದು ಒಳಗೆ ಹೋದಳು.

ನನಗೆ ಪಶ್ಚಾತ್ತಾಪ ಆಗಬೇಕಿತ್ತು. ಆದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಸೋತೂ ದೊಡ್ಡವಳಾದಳಲ್ಲ ಎಂದು ಆ ದಿನ ರಾಟೆಯನ್ನು ಮುರಿಯುವ ಹಾಗೆ ತಿರುಗಿಸಿದೆ.

ಮೂರು ತಿಂಗಳಿಗೆ ಏಜೆಂಟರು ಮತ್ತೆ ಮುಖ ಗಂಟು ಹಾಕಿಕೊಂಡು ಬಂದರು. ಸೀಟಿನವರು ಇನ್ನೂ ಜನರನ್ನು ಕಮ್ಮಿ ಮಾಡುತ್ತಿದ್ದಾರೆ, ನನ್ನ ಹುರಿ ಪುಟಿಯುವುದು ಸಾಲದು, ಮುಂದಿನ ಸಲವೂ ಹೀಗೇ ಇದ್ದರೆ ಈ ರಾಟೆಯೂ ವಾಪಸ್ ಎಂದರು. ಅವರು ಹೋದ ಮೇಲೆ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ನಾರಿನ ಗುಡ್ಡೆಯ ಮುಂದೆ ಕೂತಳು. ಎಡಗೈಯಿಂದ ಗಿಡ್ಡ ನಾರನ್ನೂ ಪುಡಿಯನ್ನೂ ಬೇರೆ ಮಾಡತೊಡಗಿದಳು.

"ಗಿಡ್ಡವು ಆರಿಸಿ ತೆಗೀಬೇಕು, ಇಷ್ಟೇ ಕಣೇ. ಕೇಳಿದ್ರೆ ನಾನೇ ಬಿಚ್ಚಿ ತೋರುಸ್ತಿದ್ದೆ. ಕದ್ದು ಯಾಕೆ ಬಿಚ್ಚೋಕೆ ಹೋದೆ?"

ಅವಳ ದನಿಯಲ್ಲಿ ಕೋಪ ಇರಲಿಲ್ಲ. ನಾನು ತಲೆ ತಗ್ಗಿಸಿ ಅವಳು ಆರಿಸಿ ಕೊಟ್ಟ ನಾರನ್ನು ಹೊಸೆದೆ. ಮುಂದಿನ ಸಲ ಏಜೆಂಟರು ನನ್ನ ಹುರಿಯನ್ನು ಪಕ್ಕದ ಮನೆಯವರಿಗೆ ತೋರಿಸಿದರು. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದ ಅಕ್ಕನನ್ನು ಕರೆದು, ಇದು ಇವಳು ಕಲಿಸಿದ್ದು ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕಾರುಗಳು ಮತ್ತೆ ಮಾರಾಟವಾಗಿ ಎರಡನೇ ರಾಟೆ ಬರುವಷ್ಟರಲ್ಲಿ ಎರಡು ವರ್ಷ ಕಳೆಯಿತು. ಅಷ್ಟು ದಿನವೂ ನಾನು ಉಂಡದ್ದು ಅವಳು ತೊಳಸಿದ ಮುದ್ದೆ.