ಎಂಜಲಿನ ಪಾತ್ರ

ಹಲ್ಲಿನ ಡಾಕ್ಟರು ಬಾಯಿಯ ಮೂಲೆಗೆ ಒಂದು ಬಾಗಿದ ಪ್ಲಾಸ್ಟಿಕ್ ಕೊಳವೆಯನ್ನು ಸಿಕ್ಕಿಸುತ್ತಾರೆ, ನೋಡಿದ್ದೀರಲ್ಲ? ಗೊರಗೊರ ಸದ್ದು ಮಾಡುತ್ತ ಬಾಯಲ್ಲಿ ಊರಿದ ಎಂಜಲನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಮೊನ್ನೆ ದವಡೆ ಹಲ್ಲೊಂದನ್ನು ತುಂಬಿಸಿಕೊಳ್ಳಲು ಹೋಗಿದ್ದೆ. ಬಾಯಿ ತೆರೆದು ಮಲಗಿದ್ದ ನನ್ನ ಮೇಲೆ ಬಾಗಿ ಡಾಕ್ಟರು, "ನಿಮಗೆ ಸಲೈವಾ ತುಂಬಾ ಜಾಸ್ತಿ ಕಣ್ರೀ, ಎಷ್ಟು ಹೀರಿದ್ರೂ ಬರ್ತಾನೇ ಇದೆ" ಎಂದರು. ಅವರದು ದೂರು. ನನಗೋ, ಮಗಳು ಶಾಲೆಗೇ ಮೊದಲು ಬಂದಳೆಂದು ಯಾರೋ ಹೇಳಿದಷ್ಟು ಹೆಮ್ಮೆಯಾಯಿತು. ಬಾಯಿ ಅಗಲಿಸಿಕೊಂಡಿರುವಾಗ ಹೆಮ್ಮೆಯನ್ನು ಮುಖದಲ್ಲಿ ತೋರಿಸುವುದು ಕಷ್ಟ. ಹುಬ್ಬು ಎತ್ತಿದೆ. ನೋವಾಯಿತೆಂದು ತಿಳಿದು ಅವರು ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಎಂಜಲಿನ ಬಗ್ಗೆ ಹೆಮ್ಮೆಪಡುವ ಮನೆತನ ನಮ್ಮದಲ್ಲ. ನಮ್ಮಜ್ಜಿಯ ಕಾಲದಲ್ಲಿ ಎಂಜಲು ಅಂದರೆ ಮನೆಯ ಮೊದಲನೇ ಶತ್ರು. ಅಪ್ಪ ಅಂಚೆಚೀಟಿಯನ್ನು ನಾಲಿಗೆಗೆ ತಾಗಿಸಿ ಅಂಟಿಸಬೇಕಾದರೆ ಜಗಲಿಗೆ ಹೋಗಬೇಕಿತ್ತು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ವಿದ್ಯೆಯನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತೆ. ಅಂಥ ಮನೆಯ ಮಗಳು ಎಂಜಲಿನ ಪರವಾಗಿ ನಾಟಕ ಬರೆದಳೆಂದರೆ ಅದಕ್ಕೆ ಮಲ್ಲಮ್ಮ ಕಾರಣ. ಅವಳ ಕಥೆಯನ್ನೇ ಹೇಳುತ್ತೇನೆ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಗುಮಾಸ್ತೆಯಾಗಿದ್ದೆ. ಹೊರಗೆ ಹೋಗುವ ಪೆಟ್ಟಿಗೆಗಳಿಗೆ ಚಲನ್ ಬರೆಯುವುದು ನನ್ನ ಕೆಲಸ. ನನ್ನ ಮೇಜು ಪ್ಯಾಕಿಂಗ್ ಹಾಲಿನ ಮೂಲೆಯಲ್ಲಿತ್ತು. ಅಲ್ಲಿ ಎಲ್ಲರೂ ಹೆಂಗಸರು. ಉದ್ದನೆಯ ಮೇಜಿನ ಎರಡೂ ಕಡೆ ನಿಂತು, ಎಣ್ಣೆ ಹಚ್ಚಿದ ಭಾಗಗಳನ್ನು ಕವರಿಗೆ ಹಾಕಿ, ರಟ್ಟಿನ ಪೆಟ್ಟಿಗೆಗೆ ತುಂಬಿ, ಟೇಪು ಸುತ್ತುವರು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನನ್ನದೊಂದು ಪದ್ಯ ಅಚ್ಚಾಗಿದ್ದ ಸುದ್ದಿ ಹೇಗೋ ಹರಡಿ, ಕಾರ್ಖಾನೆಗೆ ನಾನೇ ಸಾಹಿತಿಯಾಗಿಬಿಟ್ಟಿದ್ದೆ. ಸಾಹಿತಿಯಾಗಿ ನಾನು ಅಲ್ಲಿ ಬರೆದದ್ದು 'ಇಲ್ಲಿ ಉಗುಳಬಾರದು' ಎಂಬ ಫಲಕ ಮಾತ್ರ.

ಮಲ್ಲಮ್ಮ ಬಾದಾಮಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ, ರಾಜಗೋಪಾಲನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಅವಳಪ್ಪ ದೊಡ್ಡಾಟದಲ್ಲಿ ಮದ್ದಳೆ ಬಾರಿಸುತ್ತಿದ್ದನಂತೆ. ಟೇಪು ಸುತ್ತುವಾಗಲೂ ಅವಳ ಕಾಲು ಏನೋ ಒಂದು ತಾಳ ಹಾಕುತ್ತಿತ್ತು. ಮಾತು ಜೋರು, ಆದರೆ ನಗು ಬಂದರೆ ತಕ್ಷಣ ಸೆರಗು ಬಾಯಿಗೆ ಹೋಗುತ್ತಿತ್ತು. ಮುಂದಿನ ಎರಡು ಹಲ್ಲು ಕಪ್ಪಾಗಿ, ಅರ್ಧ ಮುರಿದಿದ್ದವು. ಅವಳಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ.

ಆ ಪ್ಯಾಕಿಂಗ್ ಹಾಲಿನಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಹೌದು, ನಾನೂ. ಹೆಂಗಸರಿಗೆಂದು ಬೇರೆ ಬಾತ್‌ರೂಮು ಇರಲಿಲ್ಲ. ಅಂಗಳದ ಆಚೆ ತುದಿಯಲ್ಲಿ, ಯಂತ್ರಗಳ ಶೆಡ್ಡಿನ ಪಕ್ಕದಲ್ಲಿ ಗಂಡಸರದೇ ಒಂದಿತ್ತು. ಅದರ ಚಿಲಕ ಯಾವಾಗಲೂ ಕಿತ್ತುಹೋಗಿರುತ್ತಿತ್ತು. ಒಬ್ಬಳು ಹೋದರೆ ಇನ್ನೊಬ್ಬಳು ಬಾಗಿಲು ಕಾಯಬೇಕು, ಶೆಡ್ಡಿನವರು ಕತ್ತೆತ್ತಿ ನೋಡುತ್ತಾರೆ, ಬಂದ ಮೇಲೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಅದಕ್ಕಿಂತ ನೀರು ಕುಡಿಯದಿರುವುದೇ ಸುಲಭ. ಗಂಟಲು ಒಣಗಿದರೆ ದವಡೆಯಲ್ಲೊಂದು ಪೆಪ್ಪರಮೆಂಟು ಇಟ್ಟುಕೊಳ್ಳುವುದು ವಾಡಿಕೆ. ಮಲ್ಲಮ್ಮನ ಸೊಂಟದ ಚೀಲದಲ್ಲಿ ಅದು ಸದಾ ಇರುತ್ತಿತ್ತು. ಕೇಳಿದವರಿಗೆಲ್ಲ ಕೊಡುತ್ತಿದ್ದಳು. ಬೇರೆ ಬಾತ್‌ರೂಮು ಕಟ್ಟಿಸಿಕೊಡಿ ಎಂದು ನಾವು ಮ್ಯಾನೇಜರರನ್ನು ಎಷ್ಟೋ ಸಲ ಕೇಳಿದ್ದೆವು. ಅವರು ಕೆಟ್ಟವರಲ್ಲ. "ನೋಡೋಣಮ್ಮ" ಎನ್ನುತ್ತಿದ್ದರು.

ಆ ವರ್ಷ ಯಾವುದೋ ದಂತ ಕಾಲೇಜಿನವರು ಕಾರ್ಖಾನೆಗೆ ಬಂದು ಎಲ್ಲರ ಬಾಯಿ ಪರೀಕ್ಷೆ ಮಾಡಿದರು. ನಮ್ಮ ಹಾಲಿಗೆ ಬಂದ ಡಾಕ್ಟರ್ ಚಿಕ್ಕ ಹುಡುಗಿ, ಕುತ್ತಿಗೆಯ ಸುತ್ತ ಮಾಸ್ಕ್ ಇಳಿಬಿಟ್ಟುಕೊಂಡು ಒಬ್ಬೊಬ್ಬರ ಬಾಯಿಗೂ ಟಾರ್ಚ್ ಹಾಕಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖ ಗಂಭೀರವಾಯಿತು.

"ನೀವೆಲ್ಲ ನೀರು ಕುಡಿಯಲ್ವಾ?" ಎಂದು ಕೇಳಿದಳು.

ಮಲ್ಲಮ್ಮ, "ನೀರಿಗೂ ಹಲ್ಲಿಗೂ ಏನ್ ಸಂಬಂಧ್ರಿ ಮೇಡಮ್ಮಾರ?" ಎಂದಳು.

ಆ ಹುಡುಗಿ ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತು ಚೆನ್ನಾಗಿ ಹೇಳಿದಳು. ಹಲ್ಲಿನ ಮೇಲ್ಗಡೆ ಎನಾಮಲ್ ಅಂತ ಒಂದು ಪದರ ಇರುತ್ತದೆ, ಮೈಯಲ್ಲೆಲ್ಲ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಬಾಯಲ್ಲಿ ಬ್ಯಾಕ್ಟೀರಿಯಾ ಎಂಬ ಕಣ್ಣಿಗೆ ಕಾಣದ ಕ್ರಿಮಿಗಳಿವೆ. ಅವು ಹಲ್ಲಿಗೆ ಲೋಳೆಯಂತೆ ಅಂಟಿಕೊಂಡು, ನಾವು ತಿಂದ ಸಕ್ಕರೆಯನ್ನು ತಾವೂ ತಿಂದು ಆಸಿಡ್ ಬಿಡುತ್ತವೆ. ಆಸಿಡ್ ಎನಾಮಲ್ಲಿನೊಳಗಿನ ಸುಣ್ಣದಂಥ ಸಾರವನ್ನು ಕರಗಿಸಿ ಎಳೆಯುತ್ತದೆ.

"ಕಾಪಾಡೋದು ಯಾರು ಗೊತ್ತಾ? ಎಂಜಲು" ಎಂದಳು. "ಅದು ಆಸಿಡ್‌ನ ತೊಳೆಯುತ್ತೆ, ಅದರ ಜೋರು ಇಳಿಸುತ್ತೆ, ಕಳ್ಕೊಂಡ ಸಾರಾನ ಹಲ್ಲಿಗೆ ವಾಪಸ್ ಕೊಡುತ್ತೆ. ದಿನಾ ಬಾಯಲ್ಲಿ ಈ ರಿಪೇರಿ ನಡೀತಾನೇ ಇರುತ್ತೆ. ಆದ್ರೆ ಬಾಯಿ ಒಣಗಿದ್ರೆ ರಿಪೇರಿ ಮಾಡೋರು ಯಾರು? ಅದರ ಮೇಲೆ ಇಡೀ ದಿನ ಪೆಪ್ಪರಮೆಂಟು ಇಟ್ಕೊಂಡ್ರೆ, ಆ ಕ್ರಿಮಿಗೆ ನೀವೇ ಊಟ ಬಡಿಸಿದ ಹಾಗೆ. ತೂತು ಬಿದ್ದ ಮೇಲೆ ಎಂಜಲೂ ಏನೂ ಮಾಡಕ್ಕಾಗಲ್ಲ."

ಮಲ್ಲಮ್ಮ ಬಾಯಲ್ಲಿದ್ದ ಪೆಪ್ಪರಮೆಂಟನ್ನು ಮೆಲ್ಲಗೆ ಕಾಗದಕ್ಕೆ ತೆಗೆದು ಮಡಿಚಿದಳು. ಅವತ್ತು ಟೇಪು ಸುತ್ತುವಾಗ ಅವಳ ಕಾಲು ತಾಳ ಹಾಕಲಿಲ್ಲ.

ರಾಜ್ಯೋತ್ಸವ ಹತ್ತಿರ ಬಂತು. ಪ್ರತಿ ವರ್ಷ ಯಂತ್ರದ ಶೆಡ್ಡಿನ ಗಂಡಸರು ಕಿರೀಟ ಬಾಡಿಗೆಗೆ ತಂದು ಯಾವುದಾದರೂ ರಾಜನ ನಾಟಕ ಆಡುವರು. ಆ ಸಲ ಮ್ಯಾನೇಜರರು ನನ್ನನ್ನು ಕರೆದು, ಪ್ಯಾಕಿಂಗ್ ಹೆಂಗಸರದೂ ಒಂದು ಕಿರುನಾಟಕ ಇರಲಿ, ಆರೋಗ್ಯದ ಬಗ್ಗೆ ಏನಾದರೂ ಬರೆಯಿರಿ, ಮಾಲೀಕರು ಕುಟುಂಬದ ಸಮೇತ ಬರುತ್ತಾರೆ ಎಂದರು. ಉಗುಳಬಾರದೆಂಬ ಫಲಕದ ನಂತರ ನನಗೆ ಸಿಕ್ಕ ಎರಡನೇ ಸಾಹಿತ್ಯಿಕ ಅವಕಾಶ ಇದು. ಎರಡೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಎನಾಮಲ್ ಒಬ್ಬ ರಾಣಿ. ಬ್ಯಾಕ್ಟೀರಿಯಾ ಒಬ್ಬ ರಕ್ಕಸ. ರಾಣಿ ಕಷ್ಟದಲ್ಲಿ ಕೂಗುತ್ತಾಳೆ, ಎಂಜಲು ಓಡಿ ಬಂದು ರಕ್ಕಸನನ್ನು ಓಡಿಸುತ್ತದೆ, ಮಂಗಳ.

ಬಿಳಿ ರೇಷ್ಮೆ ಸೀರೆ ಇದ್ದದ್ದರಿಂದ ಪ್ಯಾಕಿಂಗಿನ ಶೋಭಾ ರಾಣಿಯಾದಳು. ರಕ್ಕಸನಾಗಲು ಬಾಗಲಗುಂಟೆಯ ನಾಗರತ್ನಕ್ಕ ತಾವಾಗಿಯೇ ಮುಂದೆ ಬಂದರು. ಅವರದು ಅಲ್ಲಿಯ ಹಳೇ ಊರಿನ ಮನೆತನ, ಹೊಲ ಹೋದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿದ್ದವು. ಹೊತ್ತು ಹೋಗಲೆಂದು ಕೆಲಸಕ್ಕೆ ಬರುತ್ತಿದ್ದರು. "ಇಂಗೆ ಬಾಯಿ ಮಾಡೋದು ನಂಗ್ ಯಾರೂ ಏಳ್ಕೊಡ್ಬೇಕಾಗಿಲ್ಲ, ಬಾಡಿಗೆ ವಸೂಲಿ ಮಾಡ್ತೀನಲ್ಲ" ಎಂದರು. ಎಂಜಲಿನ ಪಾತ್ರಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಊರಿನವರೆದುರು ಎಂಜಲು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ನಾನು ಒಬ್ಬೊಬ್ಬರನ್ನೂ ಕೇಳುತ್ತ ಮಲ್ಲಮ್ಮನ ಹತ್ತಿರ ಬಂದೆ.

"ಹಲ್ಲಿನ ಪಾತ್ರ ಕೊಟ್ಟಿದ್ರ ಒಲ್ಲೆ ಅಂತಿದ್ದೆ ಯಕ್ಕಾ" ಎಂದಳು. "ನನ್ನ ಹಲ್ಲ ನೋಡಿ ಮಂದಿ ನಗ್ತಾರ. ಎಂಜಲಿಗೆ ಮಾರಿ ಮುಖ ಎಲ್ಲೈತಿ, ಹಲ್ಲ ಎಲ್ಲೈತಿ? ನಾ ಆಗ್ತೀನಿ ತಗೋರಿ."

ಊಟದ ಹೊತ್ತಿನಲ್ಲಿ ಅಭ್ಯಾಸ ನಡೆಯಿತು. ನಾನು ಬರೆದ ಮಾತನ್ನು ಮಲ್ಲಮ್ಮ ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಇಷ್ಟೊಂದು ವಿಧೇಯಳಾಗಿರುವುದು ಅವಳ ಸ್ವಭಾವವಲ್ಲವಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ನನ್ನ ಸಂಭಾಷಣೆಯ ಸೊಗಸಿಗೆ ನಾನೇ ಮಾರುಹೋಗಿದ್ದೆ.

ನಾಟಕದ ಸಂಜೆ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮುಂದಿನ ಸಾಲಿನಲ್ಲಿ ಮಾಲೀಕರು, ಅವರ ಮನೆಯವರು, ಪಕ್ಕದಲ್ಲಿ ಮ್ಯಾನೇಜರರು. ಹಿಂದೆ ಕಾರ್ಖಾನೆಯೆಲ್ಲ. ನಾನು ಪರದೆಯ ಬದಿಯಲ್ಲಿ ಹಾಳೆ ಹಿಡಿದು ನಿಂತಿದ್ದೆ. ಶೋಭಾ ಬೆಳಗುತ್ತ ಬಂದಳು. ನಾಗರತ್ನಕ್ಕ ಕಾಡಿಗೆ ಮೀಸೆ ಬರೆದುಕೊಂಡು, "ಎಲ್ಲಿ ನನ್ನ ಸಕ್ಕರೆ" ಎಂದು ಅಬ್ಬರಿಸಿದಾಗ ಶೆಡ್ಡಿನ ಗಂಡಸರು ಶಿಳ್ಳೆ ಹೊಡೆದರು. ರಾಣಿ ಮೊಣಕಾಲೂರಿ, "ಎಂಜಲೇ, ಬಾ, ಕಾಪಾಡು" ಎಂದು ಕೂಗಿದಳು.

ಮಲ್ಲಮ್ಮ ಬರಲಿಲ್ಲ.

ರಾಣಿ ಮತ್ತೆ ಕೂಗಿದಳು. ನಾನು ಎದುರು ಬದಿಯತ್ತ ನೋಡಿದೆ. ಮಲ್ಲಮ್ಮ ಅಲ್ಲೇ ನಿಂತಿದ್ದಾಳೆ, ನೀಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನನ್ನೇ ನೋಡುತ್ತಿದ್ದಾಳೆ. ಹೋಗು ಎಂದು ಕೈ ಬೀಸಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮಾತು ಮರೆತಳೆಂದು ನನ್ನ ಜೀವ ಬಾಯಿಗೆ ಬಂತು. ಮೂರನೇ ಸಲ ರಾಣಿ ಕೂಗಿದಾಗ ಅವಳ ದನಿಯಲ್ಲಿ ನಿಜವಾಗಿಯೂ ಅಳುವಿತ್ತು. ಆಗ ಮಲ್ಲಮ್ಮ ಬಂದಳು. ನಾನು ಬರೆದಂತೆ ಓಡಿ ಬರಲಿಲ್ಲ. ಕಾಲೆಳೆಯುತ್ತ, ದಣಿದವಳ ಹಾಗೆ ರಂಗದ ನಡುವಿಗೆ ಬಂದು ನಿಂತಳು.

"ಎಲ್ಲಿಂದ ಬರಲಿ ತಾಯಿ?" ಎಂದಳು. "ಮುಂಜಾನಿಂದ ಒಂದ್ ಗುಟುಕ ನೀರಿಲ್ಲ. ನೀರ ಕುಡದ್ರ ಹೊರಗ ಹೋಗ್ಬೇಕು. ಹೋಗಾಕ ನಮಗ ಜಾಗ ಎಲ್ಲೈತಿ? ಬಾವ್ಯಾಗ ನೀರಿಲ್ದ ನಾ ಹ್ಯಾಂಗ ಉಕ್ಕಲಿ?"

ನನ್ನ ಹಾಳೆಯಲ್ಲಿ ಇದು ಇರಲಿಲ್ಲ. ಮಲ್ಲಮ್ಮ ರಂಗದ ಅಂಚಿಗೆ ಬಂದು, ದೀಪದ ಬೆಳಕಿಗೆ ಮುಖವೆತ್ತಿ, ಸೆರಗಿನ ಮರೆಯಿಲ್ಲದೆ ಬಾಯಿ ತೆರೆದು ತೋರಿಸಿದಳು.

"ನೋಡ್ರಿ. ನಾ ಬರದ ಬಾಯಿ ಹಿಂಗಾಕ್ಕೈತಿ."

ಯಾರೂ ನಗಲಿಲ್ಲ. ನಾಗರತ್ನಕ್ಕನಿಗೆ ಏನನ್ನಿಸಿತೋ, ರಕ್ಕಸನ ಗತ್ತು ಬಿಡದೆ, "ಅಂಗಾದ್ರೆ ಈ ಬಾಯಿ ಇನ್ನು ನಂದೇ" ಎಂದು ಕಾಲು ಚಾಚಿ ರಂಗದ ನಡುವೆ ಕೂತುಬಿಟ್ಟರು. ರಕ್ಕಸ ಗೆದ್ದುಬಿಟ್ಟ. ಮುಂದೆ ಏನೆಂದು ನಾಟಕ ಬರೆದ ನನಗೇ ಗೊತ್ತಿರಲಿಲ್ಲ. ಆಗ ಹಿಂದಿನ ಸಾಲಿನಿಂದ ನಮ್ಮ ಪ್ಯಾಕಿಂಗ್ ಹೆಂಗಸೊಬ್ಬಳು ಎದ್ದಳು. ಊಟದ ಜಾಗದಿಂದ ಒಂದು ಚೊಂಬು ನೀರು ಹಿಡಿದು, ಮಾಲೀಕರ ಕುರ್ಚಿಯ ಪಕ್ಕದಲ್ಲೇ ಹಾದು ರಂಗಕ್ಕೆ ಬಂದು, ಮಲ್ಲಮ್ಮನ ಕೈಗೆ ಕೊಟ್ಟಳು. ಇದು ಅವರವರಲ್ಲಿ ಮಾತಾಗಿತ್ತೋ, ಆ ಗಳಿಗೆಗೆ ಹೊಳೆಯಿತೋ, ಕೇಳಿದರೆ ಇಬ್ಬರೂ ಇವತ್ತಿಗೂ ಹೇಳುವುದಿಲ್ಲ. ಮಲ್ಲಮ್ಮ ಚೊಂಬು ಎತ್ತಿ ಗಟಗಟನೆ ಪೂರ್ತಿ ಕುಡಿದಳು. ಎಲ್ಲರೂ ನೋಡುತ್ತಿದ್ದಂತೆ, ನಿಧಾನವಾಗಿ. ಚೊಂಬು ಕೆಳಗಿಟ್ಟಳು. ಆಮೇಲೆ ಅವಳ ಕಾಲು ಎದ್ದಿತು ನೋಡಿ. ಮದ್ದಳೆಯಿಲ್ಲ, ತಾಳವಿಲ್ಲ, ಹಲಗೆಯ ರಂಗವೇ ಮದ್ದಳೆಯಾಯಿತು. ಆ ಕುಣಿತಕ್ಕೆ ನಾಗರತ್ನಕ್ಕ ನಿಜವಾಗಿಯೂ ಹೆದರಿ, ಒಂದು ಚಪ್ಪಲಿ ಬಿಟ್ಟು ಓಡಿದರು. ಶೆಡ್ಡಿನ ಗಂಡಸರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ರಾಜನ ನಾಟಕ ಆ ಸಂಜೆ ಯಾರಿಗೂ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರರು ನನ್ನನ್ನು ಕೋಣೆಗೆ ಕರೆದರು. ಮಲ್ಲಮ್ಮನ ಕೆಲಸ ಹೋಗುತ್ತದೆಂದು ಪ್ಯಾಕಿಂಗಿನವರೆಲ್ಲ ಹೆದರಿದ್ದರು.

"ಆ ಮಾತು ನೀವು ಬರ್ದಿದ್ರಾ ಮೇಡಂ, ಆಕೆ ಸೇರಿಸಿದ್ದಾ?" ಎಂದು ಕೇಳಿದರು.

"ನಾನೇ ಬರೆದದ್ದು ಸಾರ್" ಎಂದೆ. ಅಷ್ಟು ಚೆನ್ನಾದ ಸಾಲನ್ನು ನನ್ನದೆಂದು ಹೇಳಿಕೊಂಡದ್ದು ನನ್ನ ಮೊದಲ ಸಾಹಿತ್ಯ ಕಳ್ಳತನ.

ಅವರು ನನ್ನನ್ನೊಮ್ಮೆ ನೋಡಿ, "ಆಯ್ತು, ಹೋಗಿ" ಎಂದರು.

ನಾನು ಹಾಲಿಗೆ ವಾಪಸು ಬಂದಾಗ ಪ್ಯಾಕಿಂಗ್ ಮೇಜಿನ ಮೇಲೆ ಸಾಲಾಗಿ ನೀರಿನ ಬಾಟಲಿಗಳಿದ್ದವು. ಮನೆಯಿಂದ ಎಲ್ಲರೂ ತಂದಿದ್ದರು. ಅವತ್ತು ಎಲ್ಲರೂ ಕುಡಿದರು, ಎಲ್ಲರೂ ಹೋದರು. ಜೋಡಿ ಜೋಡಿಯಾಗಿ, ಅವಸರವಿಲ್ಲದೆ, ಅಂಗಳ ದಾಟಿ. ಸೂಪರ್‌ವೈಸರ್ ಗಡಿಯಾರ ನೋಡಿದ. ಮಲ್ಲಮ್ಮ, "ನೋಡ್ರಿ ಸರ, ಚಂದಂಗಿ ನೋಡ್ರಿ, ಎಷ್ಟ ದೂರ ಐತಿ ಅಂತ" ಎಂದಳು. ಒಂದು ವಾರ ಹೀಗೇ ನಡೆದು ಪೆಟ್ಟಿಗೆಗಳು ಹಾಲಿನಲ್ಲಿ ರಾಶಿ ಬಿದ್ದವು, ಲಾರಿಗಳು ಗೇಟಿನಲ್ಲಿ ಕಾದವು. ಮಾಲೀಕರೇ ಬಂದು ಅಂಗಳದ ಉದ್ದ ನಡೆದು ನೋಡಿದರು. ಯುಗಾದಿಯ ಹೊತ್ತಿಗೆ ನಮ್ಮ ಹಾಲಿನ ಪಕ್ಕದಲ್ಲೇ, ಒಳಗಿನಿಂದ ಗಟ್ಟಿ ಚಿಲಕವಿದ್ದ ಎರಡು ಬಾತ್‌ರೂಮುಗಳು ಎದ್ದಿದ್ದವು.

ಆ ಬೇಸಿಗೆಯಲ್ಲಿ ನಾನೂ ಮಲ್ಲಮ್ಮನೂ ಬಸ್ಸು ಹಿಡಿದು ಆ ದಂತ ಕಾಲೇಜಿಗೆ ಹೋದೆವು. ಮುರಿದ ಹಲ್ಲಿನ ಜಾಗಕ್ಕೆ ಅವಳು ಎರಡು ಹಲ್ಲು ಕಟ್ಟಿಸಿಕೊಂಡಳು. ವಾಪಸು ಬರುವಾಗ ಕಂಡಕ್ಟರ್ ಏನೋ ತಮಾಷೆ ಮಾಡಿದ. ಮಲ್ಲಮ್ಮ ಇಡೀ ಬಸ್ಸು ತಿರುಗಿ ನೋಡುವಂತೆ ನಕ್ಕಳು. ಅವಳ ಎರಡೂ ಕೈ ಮಡಿಲಲ್ಲೇ ಇದ್ದವು.

ಮೊನ್ನೆ ಹಲ್ಲು ತುಂಬಿಸಿಕೊಂಡು, ಅರ್ಧ ತುಟಿ ಮರಗಟ್ಟಿ ಮನೆಗೆ ಬಂದು ಕೂತಾಗ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿಯ ಫೋನ್ ಬಂತು. ಈ ಸಲದ ರಾಜ್ಯೋತ್ಸವಕ್ಕೆ ಬಡಾವಣೆಯ ಹಿರಿಯರಿಗೆ ಶಾಲು ಹೊದಿಸುತ್ತಾರಂತೆ. ನನ್ನ ಪರಿಚಯಕ್ಕೆ ಏನು ಬರೆಯಲಿ ಎಂದು ಕೇಳಿದರು.

ಬಾಯಿಗೆ ಇಂಜೆಕ್ಷನ್ ಆಗಿದೆ ಎಂದು ಮೊದಲೇ ತಿಳಿಸಿ, "ನಾಟಕ ಬರ್ದಿದೀನಿ" ಎಂದೆ, ತುಟಿಯನ್ನು ಕಷ್ಟಪಟ್ಟು ಆಡಿಸುತ್ತ.

"ಓ, ಗೊತ್ತೇ ಇರ್ಲಿಲ್ಲ. ಎಷ್ಟು ಮೇಡಂ?"

"ಒಂದೇ. ಒಂದೇ ಸಲ ಆಡಿದ್ದು. ಅರ್ಧ ನಾನು ಬರ್ದಿದ್ದು, ಉಳಿದರ್ಧ ಮಲ್ಲಮ್ಮ ಅಂತ ನನ್ನ ಗೆಳತಿ. ಅವರ ಹೆಸರೂ ಹಾಕಿ, ರಾಜಗೋಪಾಲನಗರದಲ್ಲಿದ್ದಾರೆ. ಶಾಲು ಎರಡು ತರ್ಸಿ."

ಅವರು ಬರೆದುಕೊಂಡು, ನಾಟಕದ ಹೆಸರೇನು ಎಂದರು. ಕಾರ್ಖಾನೆಯ ಕರಪತ್ರದಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. 'ಆರೋಗ್ಯ ಕಿರುನಾಟಕ' ಎಂದಷ್ಟೇ ಅಚ್ಚಾಗಿತ್ತು. ಇಷ್ಟು ವರ್ಷ ನಾನೂ ಅದಕ್ಕೊಂದು ಹೆಸರಿಡಬೇಕೆಂದು ಯೋಚಿಸಿರಲಿಲ್ಲ.

"ಎಂಜಲವ್ವ" ಎಂದೆ.

"ಬಾಯಿಗೆ ಇಂಜೆಕ್ಷನ್ ಆಗಿದೆ ಅಂದ್ರಲ್ಲ ಮೇಡಂ, ಸರಿಯಾಗಿ ಕೇಳಿಸ್ಲಿಲ್ಲ. ಅಂಜನವ್ವ ಅಂದ್ರಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.